ಕಪ್ಪೆಗೆ ಚಡ್ಡಿ ತೊಡಿಸಿದ ವಿಜ್ಞಾನಿ ಲಾಜರೋ ಸ್ಪಲಂಜಾನಿ



ನಮ್ಮ ಗೋಡೆಪತ್ರಿಕೆಯ ಈ ಸಂಚಿಕೆಯಲ್ಲಿ ಮಹನೀಯರ ಜೀವನ ಬರೆಯುವ ಸರದಿ ನನ್ನದು. ಹಿಂದಿನ ಸಂಚಿಕೆಗಳಲ್ಲಿ ರಾಜರು, ಕವಿಗಳು, ದೇಶಭಕ್ತರು ಎಲ್ಲ ಬಂದು ಹೋಗಿದ್ದಾರೆ. ಆದ್ದರಿಂದ ನಾನು ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡೆ. ಅವರ ಹೆಸರು ಲಾಜರೋ ಸ್ಪಲಂಜಾನಿ. ಇಟಲಿ ದೇಶದವರು. ಅವರು ತೀರಿಕೊಂಡು ಇನ್ನೂರು ವರ್ಷದ ಮೇಲಾಯಿತು. ಜೀವಶಾಸ್ತ್ರದ ಪುಸ್ತಕಗಳಲ್ಲಿ ಇವರ ಹೆಸರು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಅವರು ಗಂಡು ಕಪ್ಪೆಗಳಿಗೆ ಪುಟ್ಟ ಪುಟ್ಟ ಚಡ್ಡಿ ತೊಡಿಸಿ ಪ್ರಯೋಗ ಮಾಡಿದರು ಅಂದರೆ ನೀವು ನಗುತ್ತೀರಿ. ಮೊದಲು ಓದಿದಾಗ ನಾನೂ ನಕ್ಕೆ. ಆದರೆ ಆ ಚಡ್ಡಿಯಿಂದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇವರನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಈ ಮಳೆಗಾಲದಲ್ಲಿ ನಾನು ನಮ್ಮ ಮನೆಯಲ್ಲಿ ಕಪ್ಪೆಯ ಮೊಟ್ಟೆ ತಂದು ಗೊದಮೊಟ್ಟೆ ಸಾಕಿದೆ. ನಮ್ಮ ಮಾವ ಪೇಟೆಯಿಂದ ತಂದಿದ್ದ ಗಾಜಿನ ಮೀನಿನ ತೊಟ್ಟಿ ಖಾಲಿ ಬಿದ್ದಿತ್ತು. ಅದರಲ್ಲಿ ಕೆರೆ ನೀರು ಹಾಕಿ, ಗದ್ದೆ ಬದುವಿನ ಹೊಂಡದಿಂದ ಒಂದು ಹಿಡಿ ಲೋಳೆಮೊಟ್ಟೆ ತಂದು ಬಿಟ್ಟೆ. ದಿನಾ ಬೆಳಿಗ್ಗೆ ಶಾಲೆಗೆ ಬರುವ ಮೊದಲು ನೋಡಿ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಸ್ಪಲಂಜಾನಿಯವರೂ ಕಪ್ಪೆ ಮೊಟ್ಟೆಗಳನ್ನು ನೀರಿನ ಪಾತ್ರೆಗಳಲ್ಲಿಟ್ಟು ದಿನದಿನವೂ ನೋಡಿ ಬರೆದಿಟ್ಟವರು. ಅದಕ್ಕೇ ಅವರ ಕತೆ ಓದುವಾಗ ನನಗೆ ನಮ್ಮೂರಿನವರ ಕತೆ ಓದಿದ ಹಾಗಾಯಿತು.

ಮಳೆ ಬಂದರೆ ಕಪ್ಪೆ ಎಲ್ಲಿಂದ ಬರುತ್ತೆ?

ನಮ್ಮ ಅಜ್ಜಿ ಹೇಳುವ ಪ್ರಕಾರ ಕಪ್ಪೆ ಮಣ್ಣಿನಿಂದ ಹುಟ್ಟುತ್ತದೆ. ಬೇಸಿಗೆಯಲ್ಲಿ ಕಟ್ಟೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಂದು ಕಪ್ಪೆಯೂ ಕಾಣುವುದಿಲ್ಲ. ಒಂದು ದೊಡ್ಡ ಮಳೆ ಹುಯ್ದರೆ ಸಾಕು, ಅದೇ ರಾತ್ರಿ ನೂರಾರು ಕಪ್ಪೆ ವಟಗುಟ್ಟುತ್ತವೆ. ಮಣ್ಣಿಗೆ ನೀರು ಸೇರಿದರೆ ಕಪ್ಪೆ ಆಗುತ್ತದೆ ಅಂತ ಅಜ್ಜಿಯ ಲೆಕ್ಕ. ನಮ್ಮ ಅಜ್ಜಿ ಒಬ್ಬರೇ ಅಲ್ಲ, ಯೂರೋಪಿನಲ್ಲೂ ಸಾವಿರಾರು ವರ್ಷ ಜನ ಹೀಗೆಯೇ ನಂಬಿದ್ದರು. ಕೆಸರಿನಿಂದ ಕಪ್ಪೆ, ಕೊಳೆತ ಮಾಂಸದಿಂದ ಹುಳ ತಾನಾಗಿಯೇ ಹುಟ್ಟುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೂ ಬರೆದಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯರು ಮಾಂಸದ ಪಾತ್ರೆಗೆ ತೆಳು ಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಮಾಂಸದಲ್ಲಿ ಹುಳ ಆಗುವುದಿಲ್ಲ ಎಂದು ತೋರಿಸಿದರು. ಆದರೂ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆ ಉಳಿದುಕೊಂಡಿತ್ತು. ಸ್ಪಲಂಜಾನಿ ಹುಟ್ಟಿದ್ದು ಇಂಥ ಕಾಲದಲ್ಲಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಪಲಂಜಾನಿ 1729ರಲ್ಲಿ ಉತ್ತರ ಇಟಲಿಯ ಸ್ಕಾಂಡಿಯಾನೊ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆ ವಕೀಲರು. ಹದಿನೈದನೇ ವಯಸ್ಸಿನಲ್ಲಿ ರೆಜ್ಜೊ ಎಂಬ ಪಟ್ಟಣದ ಪಾದ್ರಿಗಳ ಕಾಲೇಜಿಗೆ ಸೇರಿದರು. ಆಮೇಲೆ ಕಾನೂನು ಓದಲು ಬೊಲೊನ್ಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಮಗನೂ ತನ್ನ ಹಾಗೆ ವಕೀಲ ಆಗಲಿ ಎಂದು ತಂದೆಯ ಆಸೆ.

ಬೊಲೊನ್ಯದಲ್ಲಿ ಅವರ ಸಂಬಂಧಿಕರಾದ ಲಾರಾ ಬಾಸ್ಸಿ ಎಂಬ ವಿದುಷಿ ಇದ್ದರು. ನಮ್ಮ ತರಗತಿಯ ಹುಡುಗಿಯರು ಇದನ್ನು ಗಮನಿಸಬೇಕು. ಹೆಣ್ಣುಮಕ್ಕಳು ಕಾಲೇಜಿನ ಬಾಗಿಲು ತುಳಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, 1732ರಲ್ಲೇ, ಆಕೆ ಆ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿ ಆಗಿದ್ದರು. ಮುಂದೆ ಭೌತಶಾಸ್ತ್ರ ಕಲಿಸಿದರು, ಮನೆಯಲ್ಲೇ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದರು. ಅವರ ಸಹವಾಸದಿಂದ ಸ್ಪಲಂಜಾನಿಯವರ ಮನಸ್ಸು ಕಾನೂನಿನಿಂದ ಪ್ರಕೃತಿಯ ಕಡೆ ತಿರುಗಿತು. ಆದರೆ ತಂದೆಗೆ ಹೇಳುವುದು ಹೇಗೆ? ಕೊನೆಗೆ ವಲ್ಲಿಸ್ನೇರಿ ಎಂಬ ಪ್ರಾಧ್ಯಾಪಕರು ತಂದೆಯ ಹತ್ತಿರ ಮಾತಾಡಿ ಒಪ್ಪಿಸಿದರು. ದೊಡ್ಡವರು ಒಬ್ಬರು ನಮ್ಮ ಪರವಾಗಿ ಮಾತಾಡಿದರೆ ಎಷ್ಟು ಉಪಕಾರ ಆಗುತ್ತೆ ನೋಡಿ.

ಸ್ಪಲಂಜಾನಿ ಪಾದ್ರಿಯಾಗಿಯೂ ದೀಕ್ಷೆ ಪಡೆದರು. ಮೊದಲು ರೆಜ್ಜೊದಲ್ಲಿ, 1763ರಿಂದ ಮೊದೆನಾದಲ್ಲಿ, 1769ರಿಂದ ಕೊನೆಯವರೆಗೂ ಪಾವಿಯ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ರಜೆ ಬಂದರೆ ಸ್ಕಾಂಡಿಯಾನೊದ ಸ್ವಂತ ಮನೆಗೆ ಹೋಗಿ ಅಲ್ಲೂ ಪ್ರಯೋಗ ಮುಂದುವರಿಸುತ್ತಿದ್ದರು.

ಬೇಯಿಸಿದ ಸಾರಿನ ಪರೀಕ್ಷೆ

ಇಂಗ್ಲೆಂಡಿನ ನೀಡ್‌ಹ್ಯಾಂ ಎಂಬುವರು ಮಾಂಸದ ಸಾರನ್ನು ಬಿಸಿ ಮಾಡಿ, ಸೀಸೆಗೆ ಹಾಕಿ ಬಿರಡೆ ಬಿಗಿದಿಟ್ಟರು. ಕೆಲವು ದಿನದ ಮೇಲೆ ನೋಡಿದರೆ ಅದರ ತುಂಬ ಸೂಕ್ಷ್ಮ ಜೀವಿಗಳು. ಸಾರಿನಿಂದಲೇ ಜೀವ ಹುಟ್ಟಿತು ಎಂದು ಅವರು ಸಾರಿದರು. ಸ್ಪಲಂಜಾನಿಗೆ ಎರಡು ಸಂಶಯ ಬಂತು. ಬಿಸಿ ಸಾಕಾಗಿಲ್ಲವೋ ಏನೋ. ಬಿರಡೆಯ ಸಂದಿಯಿಂದ ಗಾಳಿ ಜೊತೆ ಜೀವಿಗಳು ಒಳಗೆ ಹೋದವೋ ಏನೋ. ಅವರು ಸೀಸೆಯ ಗಾಜಿನ ಕತ್ತನ್ನೇ ಬೆಂಕಿಯಲ್ಲಿ ಕರಗಿಸಿ ಮುಚ್ಚಿದರು. ಆಮೇಲೆ ಸುಮಾರು ಒಂದು ಗಂಟೆ ಹೊತ್ತು ಕುದಿಸಿದರು. ಹೀಗೆ ಮಾಡಿದ ಸೀಸೆಗಳಲ್ಲಿ ಏನೂ ಹುಟ್ಟಲಿಲ್ಲ. ಕತ್ತು ಒಡೆದು ಗಾಳಿ ಬಿಟ್ಟ ಮೇಲೆ ಜೀವಿಗಳು ಬಂದವು. ಇದನ್ನು 1765ರಲ್ಲಿ ಪ್ರಕಟಿಸಿದರು. ಅಷ್ಟು ಕುದಿಸಿದರೆ ಒಳಗಿನ ಗಾಳಿಯ ಜೀವಶಕ್ತಿಯೇ ಸತ್ತುಹೋಗುತ್ತದೆ ಎಂದು ನೀಡ್‌ಹ್ಯಾಂ ವಾದ ಬಿಡಲಿಲ್ಲ. ಆ ಜಗಳ ಪೂರ್ತಿ ತೀರಿದ್ದು ಸುಮಾರು ನೂರು ವರ್ಷದ ಮೇಲೆ, ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಪ್ರಯೋಗಗಳಿಂದ.

ಈ ಪ್ರಯೋಗದಲ್ಲಿ ನನಗೆ ಇಷ್ಟವಾದ ವಿಷಯ ಒಂದಿದೆ. ಸ್ಪಲಂಜಾನಿ ಬಾಯಿಮಾತಿನ ಜಗಳಕ್ಕೆ ಹೋಗಲಿಲ್ಲ. ಹೌದು ಇಲ್ಲ ಎರಡರಲ್ಲಿ ಒಂದನ್ನು ಸೀಸೆಯೇ ಹೇಳಬೇಕು, ಹಾಗೆ ಏರ್ಪಾಡು ಮಾಡಿದರು. ಮುಂದೆ ಕಪ್ಪೆಯ ವಿಷಯದಲ್ಲೂ ಇದೇ ಉಪಾಯ.

ಗೊದಮೊಟ್ಟೆಯ ಬಾಲ

ನನ್ನ ತೊಟ್ಟಿಯಲ್ಲಿ ಮೊಟ್ಟೆ ಇಟ್ಟ ಮೂರನೇ ದಿನಕ್ಕೆ ಕರೀ ಚುಕ್ಕಿಗಳು ಉದ್ದವಾಗಿ, ಲೋಳೆಯಿಂದ ಹೊರಬಿದ್ದು ಗಾಜಿಗೆ ಅಂಟಿಕೊಂಡವು. ಇಟಲಿಯ ಚಳಿನೀರಿನಲ್ಲಿ ಇಷ್ಟು ಬೇಗ ಆಗುವುದಿಲ್ಲ. ನಮ್ಮ ಕಡೆಯ ಬೆಚ್ಚನೆ ನೀರಿಗೆ ಬೇಗ ಬೆಳೀತವೆ. ಮೊದಮೊದಲು ಕತ್ತಿನ ಪಕ್ಕ ಕುಚ್ಚಿನ ಹಾಗೆ ಕಿವಿರು ಕಾಣುತ್ತದೆ, ಒಂದೆರಡು ದಿನಕ್ಕೆ ಅದು ಚರ್ಮದ ಒಳಗೆ ಮುಚ್ಚಿಹೋಗುತ್ತದೆ. ಆಮೇಲೆ ಪಾಚಿ ಕೆರೆದು ತಿನ್ನುತ್ತಾ ಬಾಲ ಬಡಿಯುತ್ತಾ ಮೀನಿನ ಹಾಗೇ ಓಡಾಡುತ್ತವೆ.

ಈ ಬಾಲದ ಮೇಲೆ ಸ್ಪಲಂಜಾನಿಗೆ ಕುತೂಹಲ. ಗೊದಮೊಟ್ಟೆಯ ಬಾಲ ತುಂಡಾದರೆ ಅದು ಮತ್ತೆ ಬೆಳೆಯುತ್ತದೆ ಎಂದು ಅವರು ಕಂಡುಕೊಂಡರು. ಎರೆಹುಳುವಿನ ತುಂಡಾದ ಭಾಗ, ಬಸವನಹುಳುವಿನ ತಲೆ, ಸಾಲಮಾಂಡರ್ ಎಂಬ ಬಾಲವುಳ್ಳ ಉಭಯಚರದ ಕಾಲು ಮತ್ತು ಬಾಲ, ಇವೂ ಮತ್ತೆ ಬೆಳೆಯುವುದನ್ನು ನೋಡಿ 1768ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಅದು ಯೂರೋಪಿನಲ್ಲೆಲ್ಲ ಗದ್ದಲ ಎಬ್ಬಿಸಿತು. ಎಷ್ಟೋ ಜನ ತಮ್ಮ ತೋಟದ ಬಸವನಹುಳುಗಳ ತಲೆ ಕತ್ತರಿಸಿ ನೋಡಿದರಂತೆ. ಫ್ರಾನ್ಸಿನ ಪ್ರಸಿದ್ಧ ಲೇಖಕ ವೋಲ್ಟೇರ್ ಕೂಡ ಈ ಪ್ರಯೋಗ ಮಾಡಿದವರಲ್ಲಿ ಒಬ್ಬರು.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಸ್ಪಲಂಜಾನಿ ದೊಡ್ಡ ವಿಜ್ಞಾನಿ ನಿಜ, ಆದರೆ ಪ್ರಾಣಿಗಳ ನೋವಿನ ಬಗ್ಗೆ ಅವರು ಹೆಚ್ಚು ಯೋಚಿಸಿದ ಹಾಗೆ ಕಾಣುವುದಿಲ್ಲ. ಅವರ ಪುಸ್ತಕದಲ್ಲಿ ಕತ್ತರಿ ತುಂಬ ಓಡಾಡುತ್ತದೆ. ಆ ಕಾಲದಲ್ಲಿ ಅದು ತಪ್ಪು ಎಂದು ಬಹಳ ಜನ ಎಣಿಸುತ್ತಿರಲಿಲ್ಲ. ನಾವು ಹಾಗೆ ಮಾಡಬೇಕಾಗಿಲ್ಲ. ಅವರು ಕಂಡುಕೊಂಡದ್ದು ನಮಗೆ ಓದಿಯೇ ತಿಳಿಯುತ್ತದೆ. ನನ್ನ ತೊಟ್ಟಿಯ ಒಂದು ಗೊದಮೊಟ್ಟೆಯ ಬಾಲವನ್ನೂ ನಾನು ಮುಟ್ಟಲಿಲ್ಲ.

ಚಡ್ಡಿಯ ಪ್ರಯೋಗ

ಈಗ ಮುಖ್ಯ ಕತೆಗೆ ಬರೋಣ. ಮಳೆಗಾಲದಲ್ಲಿ ಗಂಡು ಕಪ್ಪೆ ಹೆಣ್ಣು ಕಪ್ಪೆಯ ಬೆನ್ನ ಮೇಲೆ ಕೂತು ಬಿಗಿಯಾಗಿ ಹಿಡಿದುಕೊಂಡಿರುವುದನ್ನು ನೀವೆಲ್ಲ ನೋಡಿದ್ದೀರಿ. ಹೆಣ್ಣು ನೀರಿನಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗೆ ಗಂಡಿನಿಂದ ಏನಾದರೂ ಬೇಕೋ ಬೇಡವೋ? ಬೇಕಾದರೆ ಅದು ಯಾವಾಗ ಸೇರುತ್ತದೆ, ಮೊಟ್ಟೆ ಒಳಗಿರುವಾಗಲೋ ಹೊರಗೆ ಬಂದ ಮೇಲೋ? ಸಸ್ಯ ಪ್ರಾಣಿಗಳಿಗೆಲ್ಲ ಶಾಸ್ತ್ರೀಯ ಹೆಸರು ಕೊಟ್ಟ ಮಹಾ ವಿಜ್ಞಾನಿ ಲಿನೇಯಸ್ ಅವರು, ಯಾವ ಪ್ರಾಣಿಯಲ್ಲೂ ತಾಯಿಯ ದೇಹದ ಹೊರಗೆ ನಿಷೇಚನ ನಡೆಯುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಯಾರು ಕೇಳುತ್ತಾರೆ?

ಸ್ಪಲಂಜಾನಿ ಕೇಳಿದರು. 1770ರ ದಶಕದ ಕೊನೆಯಲ್ಲಿ ಅವರು ಗಂಡು ಕಪ್ಪೆಗಳಿಗೆ ನೀರು ಇಳಿಯದ ರೇಷ್ಮೆ ಬಟ್ಟೆಯಲ್ಲಿ ಪುಟ್ಟ ಚಡ್ಡಿ ಮಾಡಿ ತೊಡಿಸಿದರು. ಈ ಉಪಾಯ ಮೊದಲು ಹೊಳೆದದ್ದು ಫ್ರಾನ್ಸಿನ ರೆಯೋಮೂರ್ ಎಂಬ ವಿಜ್ಞಾನಿಗೆ. ಆದರೆ ಅವರ ಕೈಯಲ್ಲಿ ಅದು ಗುರಿ ಮುಟ್ಟಿರಲಿಲ್ಲ. ಸ್ಪಲಂಜಾನಿಯವರ ಕಪ್ಪೆಗಳು ಚಡ್ಡಿ ಹಾಕಿಕೊಂಡೇ ಹೆಣ್ಣನ್ನು ಹಿಡಿದುಕೊಂಡವು. ಹೆಣ್ಣು ಕಪ್ಪೆಗಳು ಮೊಟ್ಟೆ ಇಟ್ಟವು. ಆ ಮೊಟ್ಟೆಗಳನ್ನು ನೀರಿನಲ್ಲಿ ಇಟ್ಟು ಕಾದರು. ಒಂದೂ ಗೊದಮೊಟ್ಟೆ ಆಗಲಿಲ್ಲ, ಎಲ್ಲ ಕೊಳೆತುಹೋದವು. ಚಡ್ಡಿ ಇಲ್ಲದ ಕಪ್ಪೆಗಳ ಜೋಡಿ ಇಟ್ಟ ಮೊಟ್ಟೆಗಳು ಮಾತ್ರ ಗೊದಮೊಟ್ಟೆಗಳಾದವು.

ಅಲ್ಲಿಗೇ ಅವರು ನಿಲ್ಲಲಿಲ್ಲ. ಚಡ್ಡಿಯೊಳಗೆ ಕೆಲವು ಹನಿ ದ್ರವ ಸಿಕ್ಕಿತ್ತು. ಅದನ್ನು ಇನ್ನಷ್ಟು ಮೊಟ್ಟೆಗಳಿಗೆ ಸವರಿದರು. ಅವು ಬೆಳೆದು ಗೊದಮೊಟ್ಟೆಗಳಾದವು! ಹೆಣ್ಣಿನ ಹೊಟ್ಟೆಯಿಂದಲೇ ತೆಗೆದ ಮೊಟ್ಟೆಗಳಲ್ಲೂ ಹೀಗೇ ಆಯಿತು. ದ್ರವ ಸೋಕಿದವು ಬೆಳೆದವು, ಸೋಕದವು ಕೊಳೆತವು. ಅಲ್ಲಿಗೆ ಲಿನೇಯಸ್ ಅವರ ಮಾತು ಬಿದ್ದುಹೋಯಿತು. ಕಪ್ಪೆಯಲ್ಲಿ ನಿಷೇಚನ ದೇಹದ ಹೊರಗೆ, ನೀರಿನಲ್ಲೇ ನಡೆಯುತ್ತದೆ ಎಂದು ತಿಳಿಯಿತು.

ಆಗ ಕೆಲವು ಪಂಡಿತರು, ದ್ರವ ಮುಟ್ಟಬೇಕಾಗಿಲ್ಲ, ಅದರ ಆವಿ ತಾಗಿದರೆ ಸಾಕು ಎನ್ನುತ್ತಿದ್ದರು. ಅದಕ್ಕೂ ಒಂದು ಪರೀಕ್ಷೆ. ಎರಡು ಗಾಜಿನ ಬಟ್ಟಲು ತೆಗೆದುಕೊಂಡರು. ಕೆಳಗಿನ ಬಟ್ಟಲಲ್ಲಿ ದ್ರವ, ಮೇಲೆ ಕವುಚಿಟ್ಟ ಬಟ್ಟಲಿನ ಒಳಮೈಗೆ ಅಂಟಿಸಿದ ಮೊಟ್ಟೆಗಳು. ಸ್ವಲ್ಪ ಬೆಚ್ಚಗೆ ಇಟ್ಟರು. ಆವಿ ಏರಿ ಮೊಟ್ಟೆಗಳು ಒದ್ದೆಯಾದವು, ಆದರೆ ಒಂದೂ ಬೆಳೆಯಲಿಲ್ಲ. ಕೆಳಗೆ ಉಳಿದ ದ್ರವವನ್ನು ಬೇರೆ ಮೊಟ್ಟೆಗಳಿಗೆ ಮುಟ್ಟಿಸಿದರು. ಅವು ಬೆಳೆದವು. ಈ ಪ್ರಯೋಗಕ್ಕೆ ಬೇಕಾದದ್ದು ಎರಡು ಬಟ್ಟಲು ಮತ್ತು ತಾಳ್ಮೆ, ಅಷ್ಟೇ.

ಕಣ್ಣು ಕಂಡಿತು, ಮನಸ್ಸು ಒಪ್ಪಲಿಲ್ಲ

ಇನ್ನು ಮುಂದಿನದನ್ನು ನಿಧಾನವಾಗಿ ಓದಿ. ಈ ಲೇಖನ ಬರೆಯಬೇಕು ಅಂತ ನನಗೆ ಅನಿಸಿದ್ದೇ ಇದರಿಂದ.

ಗಂಡಿನ ದ್ರವದಲ್ಲಿ ಬಾಲವಿರುವ ಸೂಕ್ಷ್ಮ ಕಣಗಳು ಈಜಾಡುತ್ತವೆ ಎಂದು ಹಾಲೆಂಡಿನ ಲೇವನ್‌ಹುಕ್ ತಮ್ಮ ಸೂಕ್ಷ್ಮದರ್ಶಕದಲ್ಲಿ 1677ರಲ್ಲೇ ನೋಡಿದ್ದರು. ಇವೇ ವೀರ್ಯಾಣುಗಳು. ಅವುಗಳ ಕೆಲಸ ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ಸ್ಪಲಂಜಾನಿ ದ್ರವಕ್ಕೆ ನೀರು ಬೆರೆಸಿ ಶೋಧಕ ಕಾಗದದಲ್ಲಿ ಸೋಸಿದರು. ನಮ್ಮ ಮನೆಯಲ್ಲಿ ಕಾಫಿ ಸೋಸುವ ಹಾಗೆ ಅಂದುಕೊಳ್ಳಿ. ಕಾಗದದ ಪದರ ಹೆಚ್ಚಾದಷ್ಟೂ ಸೋಸಿದ ದ್ರವದ ಶಕ್ತಿ ಕಡಿಮೆಯಾಯಿತು. ಸಾಕಷ್ಟು ಪದರ ಹಾಕಿದಾಗ ಅದು ಒಂದು ಮೊಟ್ಟೆಯನ್ನೂ ಬೆಳೆಸಲಿಲ್ಲ. ಕಾಗದದ ಮೇಲೆ ಉಳಿದ ಗಷ್ಟನ್ನು ನೀರಿನಲ್ಲಿ ಕಲಸಿ ಮೊಟ್ಟೆಗೆ ಮುಟ್ಟಿಸಿದರೆ ಗೊದಮೊಟ್ಟೆಗಳಾದವು.

ಈಗ ನೀವೇ ಹೇಳಿ, ಶಕ್ತಿ ಎಲ್ಲಿದೆ? ಕಾಗದದ ಮೇಲೆ ಉಳಿದದ್ದರಲ್ಲಿ. ಕಾಗದದ ಮೇಲೆ ಉಳಿದದ್ದು ಏನು? ನೀರಿನ ಜೊತೆ ಇಳಿಯದ ಕಣಗಳು. ಏಳನೇ ತರಗತಿಯ ಮಕ್ಕಳೂ ಹೇಳಿಬಿಡುತ್ತಾರೆ, ಕೆಲಸ ಮಾಡುವುದು ವೀರ್ಯಾಣುವೇ ಅಂತ. ಆದರೆ ಇಂಥ ಪ್ರಯೋಗ ಮಾಡಿದ ಸ್ಪಲಂಜಾನಿ ಹಾಗೆ ಹೇಳಲೇ ಇಲ್ಲ. ಆ ಈಜಾಡುವ ಕಣಗಳು ಬರೀ ಪರಾವಲಂಬಿ ಹುಳುಗಳು, ಉಳಿದ ದ್ರವವೇ ಮುಖ್ಯ ಎಂದು ಕೊನೆಯವರೆಗೂ ನಂಬಿದ್ದರು.

ಯಾಕೆ ಹೀಗಾಯಿತು? ಇದಕ್ಕೆ ಎರಡು ಕಾರಣ ಉಂಟು. ನೆಲಗಪ್ಪೆಯ ದ್ರವದ ಕೆಲವು ಹನಿಗಳಲ್ಲಿ ಅವರಿಗೆ ಕಣಗಳು ಕಾಣಲಿಲ್ಲ, ಆದರೂ ಆ ಹನಿಗಳಿಂದ ಮೊಟ್ಟೆ ಬೆಳೆದವು. ಅವರ ಕಣ್ತಪ್ಪಿ ಕಣಗಳು ಉಳಿದಿರಬೇಕು. ಇನ್ನೊಂದು ಕಾರಣ ಹೆಚ್ಚು ಬಲವಾದದ್ದು. ಹುಟ್ಟುವ ಜೀವಿ ತಾಯಿಯ ಮೊಟ್ಟೆಯಲ್ಲಿ ಮೊದಲೇ ಪೂರ್ತಿಯಾಗಿ ಇರುತ್ತದೆ, ಗಂಡಿನ ದ್ರವ ಅದನ್ನು ಬರೀ ಎಬ್ಬಿಸುತ್ತದೆ ಎಂಬ ಸಿದ್ಧಾಂತವನ್ನು ಅವರು ಒಪ್ಪಿದ್ದರು. ದ್ರವ ಸೋಕಿದ ಮೊಟ್ಟೆಗೂ ಸೋಕದ ಮೊಟ್ಟೆಗೂ ನೋಟದಲ್ಲಿ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಪ್ಪೆಯ ಮೊಟ್ಟೆಯನ್ನು ಮೊಟ್ಟೆ ಎನ್ನಲೂ ಅವರಿಗೆ ಮನಸ್ಸಿಲ್ಲ. ಅದು ಮುದುರಿಕೊಂಡಿರುವ ಗೊದಮೊಟ್ಟೆಯೇ ಎಂದು ಅವರ ವಾದ. ಎಲ್ಲವೂ ಮೊಟ್ಟೆಯಲ್ಲೇ ಇದ್ದರೆ ಆ ಈಜುವ ಕಣಕ್ಕೆ ಏನು ಕೆಲಸ?

ಇದನ್ನು ಓದಿದ ಮೇಲೆ ನನಗೆ ಅಜ್ಜಿಯ ನೆನಪು ಬಂತು. ನಾನು ತೊಟ್ಟಿ ತೋರಿಸಿದಾಗ ಅಜ್ಜಿ ಸುಮ್ಮನೆ ತಲೆಯಾಡಿಸಲಿಲ್ಲ. ಮೊಟ್ಟೆಯಿಂದ ಗೊದಮೊಟ್ಟೆ ಆಗುವುದನ್ನು ದಿನಾ ಬಂದು ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಮೊಟ್ಟೆ ಇಡಲು ಕಪ್ಪೆ ಬೇಕು ತಾನೆ, ಬೇಸಿಗೆಯಿಡೀ ಕಟ್ಟೆ ಒಣಗಿದ್ದಾಗ ಆ ಕಪ್ಪೆ ಎಲ್ಲಿತ್ತು ಅಂತ. ಒಳ್ಳೆಯ ಪ್ರಶ್ನೆ. ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡು ಬಂದು ಹೇಳಿದೆ. ನಮ್ಮ ಕಡೆ ಎಷ್ಟೋ ಜಾತಿಯ ಕಪ್ಪೆಗಳು ಬೇಸಿಗೆಯಲ್ಲಿ ಮಣ್ಣಿನೊಳಗೆ ಹೂತುಕೊಂಡು ಅಲುಗಾಡದೆ ಮಲಗಿರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಮೇಲೆ ಬರುತ್ತವೆ. ಅಂದರೆ ಅಜ್ಜಿ ಕಂಡದ್ದು ಸುಳ್ಳಲ್ಲ. ಕಪ್ಪೆ ಮಣ್ಣಿನಿಂದ ಎದ್ದು ಬಂದದ್ದು ನಿಜ. ಮಣ್ಣಿನಿಂದ ಹುಟ್ಟಿತು ಎಂದುಕೊಂಡದ್ದು ಮಾತ್ರ ನಿಜವಲ್ಲ.

ನೋಡುವುದು ಒಂದು ಕೆಲಸ. ನೋಡಿದ್ದರಿಂದ ಏನು ತಿಳಿಯಬೇಕು ಎಂದು ಯೋಚಿಸುವುದು ಬೇರೆಯದೇ ಕೆಲಸ. ಶಾಲೆಗೆ ಹೋಗದ ಅಜ್ಜಿಗೂ, ಯೂರೋಪಿಗೇ ಹೆಸರಾದ ಪ್ರಾಧ್ಯಾಪಕರಿಗೂ ಮೊದಲನೆಯದು ಸರಿಯಾಗಿ ಬಂತು, ಎರಡನೆಯದು ತಪ್ಪಿತು. ಆದರೆ ಅವರಿಬ್ಬರೂ ನೋಡಿದ್ದನ್ನು ನೋಡಿದ ಹಾಗೇ ಹೇಳಿದರು. ಸ್ಪಲಂಜಾನಿ ತಮ್ಮ ನಂಬಿಕೆಗೆ ಒಗ್ಗದ ಕಾಗದದ ಪ್ರಯೋಗವನ್ನು ಮುಚ್ಚಿಡಲಿಲ್ಲ, ಒಂದೊಂದನ್ನೂ ಬರೆದು ಅಚ್ಚು ಹಾಕಿಸಿದರು. ಅದರಿಂದಲೇ ಮುಂದಿನವರಿಗೆ ದಾರಿ ಸಿಕ್ಕಿತು. 1824ರಲ್ಲಿ ಪ್ರೆವೋ ಮತ್ತು ಡ್ಯೂಮಾ ಎಂಬ ಇಬ್ಬರು ವಿಜ್ಞಾನಿಗಳು ಸೋಸುವ ಪ್ರಯೋಗವನ್ನೇ ಮತ್ತೆ ಮಾಡಿ, ವೀರ್ಯಾಣು ಇಲ್ಲದೆ ಮೊಟ್ಟೆ ಬೆಳೆಯುವುದಿಲ್ಲ ಎಂದು ತೋರಿಸಿದರು. 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್, ಸಮುದ್ರದ ಒಂದು ಮುಳ್ಳುಪ್ರಾಣಿಯ ಮೊಟ್ಟೆಯಲ್ಲಿ ಗಂಡಿನ ಕೋಶಕೇಂದ್ರವೂ ಹೆಣ್ಣಿನ ಕೋಶಕೇಂದ್ರವೂ ಕೂಡುವುದನ್ನು ಕಂಡು ಪ್ರಕಟಿಸಿದರು. ನಾವೆಲ್ಲರೂ ತಂದೆ ತಾಯಿ ಇಬ್ಬರ ಪಾಲಿನಿಂದಲೂ ಆದವರು ಎಂಬುದು ಹೀಗೆ ಗಟ್ಟಿಯಾಯಿತು.

ನಮ್ಮ ಊರಿನ ಹಸುವಿಗೂ ಈ ಕಪ್ಪೆಗೂ ಸಂಬಂಧ

ಕಪ್ಪೆಯ ಮೊಟ್ಟೆಗೆ ಕೈಯಿಂದ ದ್ರವ ಸವರಿ ಮರಿ ಪಡೆದ ಮೇಲೆ, ಮರಿ ಹಾಕಿ ಹಾಲು ಕುಡಿಸುವ ಪ್ರಾಣಿಯಲ್ಲೂ ಇದು ಆಗುತ್ತದೆಯೇ ಎಂದು ಸ್ಪಲಂಜಾನಿ ನೋಡಿದರು. 1780ರಲ್ಲಿ ಒಂದು ಹೆಣ್ಣು ನಾಯಿಗೆ ಪಿಚಕಾರಿಯಿಂದ ಗಂಡಿನ ದ್ರವ ಸೇರಿಸಿದರು. 62 ದಿನದ ಮೇಲೆ ಅದು ಮೂರು ಮರಿ ಹಾಕಿತು. ದ್ರವವನ್ನು ಹಿಮದಲ್ಲಿಟ್ಟು ತಣ್ಣಗೆ ಮಾಡಿದರೆ ವೀರ್ಯಾಣುಗಳ ಓಡಾಟ ನಿಲ್ಲುತ್ತದೆ, ಬೆಚ್ಚಗಾದರೆ ಮತ್ತೆ ಓಡಾಡುತ್ತವೆ ಎಂದು ಅದಕ್ಕೂ ಮುಂಚೆ, 1776ರಲ್ಲಿ, ಬರೆದಿದ್ದರು.

ಈಗ ನಮ್ಮ ಮನೆಗಳ ಸೀಮೆಹಸು ಬೆದೆಗೆ ಬಂದರೆ ಪಶು ಆಸ್ಪತ್ರೆಯವರನ್ನು ಕರೆಸಿ ಇಂಜೆಕ್ಷನ್ ಮಾಡಿಸುತ್ತಾರೆ ಅಲ್ಲವೇ? ಅವರು ತರುವ ಡಬ್ಬಿಯಿಂದ ಹೊಗೆ ಬರುವುದನ್ನು ನಾವು ಸುತ್ತ ನಿಂತು ನೋಡುತ್ತೇವೆ. ಅದರಲ್ಲಿ ಇರುವುದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಒಳ್ಳೆಯ ಹೋರಿಯ ವೀರ್ಯವನ್ನು ಅದರಲ್ಲಿ ವರ್ಷಗಟ್ಟಲೆ ಇಡಬಹುದು. ಕೃತಕ ಗರ್ಭಧಾರಣೆ ಎಂಬ ಈ ವಿದ್ಯೆಯ ಮೊದಲ ಮೆಟ್ಟಿಲುಗಳಲ್ಲಿ ಸ್ಪಲಂಜಾನಿಯವರ ಕಪ್ಪೆಯೂ ನಾಯಿಯೂ ಇವೆ. ಡೇರಿಗೆ ಹಾಲು ಹಾಕಲು ಹೋಗುವಾಗ ಒಂದು ಸಲ ನೆನೆಸಿಕೊಳ್ಳಿ.

ಕೊನೆಯ ವರ್ಷಗಳು

ಸ್ಪಲಂಜಾನಿಗೆ ಆಸಕ್ತಿ ಇಲ್ಲದ ವಿಷಯವೇ ಇರಲಿಲ್ಲ. ಹೊಟ್ಟೆಯಲ್ಲಿ ಆಹಾರ ಹೇಗೆ ಕರಗುತ್ತದೆ ಎಂದು ತಿಳಿಯಲು ರೊಟ್ಟಿ, ಮಾಂಸ ತುಂಬಿದ ಸಣ್ಣ ಬಟ್ಟೆಚೀಲಗಳನ್ನು ತಾವೇ ನುಂಗಿದರು. ಬೆಂಕಿ ಉಗುಳುವ ಪರ್ವತಗಳನ್ನು ನೋಡಲು 1788ರಲ್ಲಿ ದಕ್ಷಿಣ ಇಟಲಿಗೆ ಹೋದರು.

ಕಷ್ಟವೂ ಬಂತು. 1785ರಲ್ಲಿ ಅವರು ತುರ್ಕರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಪ್ರವಾಸ ಹೋಗಿದ್ದಾಗ, ಪಾವಿಯ ವಸ್ತುಸಂಗ್ರಹಾಲಯದ ವಸ್ತುಗಳನ್ನು ಕದ್ದು ತಮ್ಮ ಊರಿನ ಮನೆಯಲ್ಲಿಟ್ಟುಕೊಂಡಿದ್ದಾರೆ ಎಂದು ಜೊತೆಯ ಕೆಲವರು ದೂರು ಕೊಟ್ಟರು. ಪಾವಿಯ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಸರ್ಕಾರ ವಿಚಾರಣೆ ಮಾಡಿ, ಅವರು ತಪ್ಪಿತಸ್ಥರಲ್ಲ ಎಂದು ತೀರ್ಪು ಕೊಟ್ಟಿತು. ಅವರು ಮರಳಿ ಪಾಠಕ್ಕೆ ನಿಂತರು.

1793ರ ಸುಮಾರಿಗೆ ಬಾವಲಿಗಳ ಬೆನ್ನು ಹತ್ತಿದರು. ಕಣ್ಣು ಕಾಣದ ಬಾವಲಿಯೂ ಕತ್ತಲಲ್ಲಿ ಎಲ್ಲಿಯೂ ತಾಗದೆ ಹಾರುತ್ತದೆ ಎಂದು ಕಂಡರು. ಅದರಲ್ಲಿ ನಮಗಿಲ್ಲದ ಇನ್ನೊಂದು ಇಂದ್ರಿಯ ಇರಬಹುದು ಎಂದುಕೊಂಡಿದ್ದರು. ಅಷ್ಟರಲ್ಲಿ ಜಿನೀವಾದ ಜುರೀನ್ ಎಂಬ ವೈದ್ಯರು, ಕಿವಿ ಮುಚ್ಚಿದರೆ ಬಾವಲಿ ಡಿಕ್ಕಿ ಹೊಡೆಯುತ್ತದೆ ಎಂದು ಕಂಡುಹಿಡಿದರು. ಸ್ಪಲಂಜಾನಿ ತಾವೂ ಮಾಡಿ ನೋಡಿದರು, ಹೌದೆಂದು ಕಂಡಿತು, ತಮ್ಮ ಊಹೆಯನ್ನು ಬಿಟ್ಟು ಕಿವಿಯ ಮಾತನ್ನು ಒಪ್ಪಿಕೊಂಡರು. ಆಗ ಅವರಿಗೆ ಅರವತ್ತೈದರ ಆಸುಪಾಸು. ಬಾವಲಿಯ ದನಿ ನಮ್ಮ ಕಿವಿಗೆ ಕೇಳದಷ್ಟು ಕೀರಲಾಗಿದೆ, ಅದರ ಪ್ರತಿಧ್ವನಿಯಿಂದ ಅದು ದಾರಿ ಹುಡುಕುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 1938ರಿಂದ ಈಚೆಗೆ ತೋರಿಸಿದರು. ವೀರ್ಯಾಣುವಿನ ವಿಷಯದಲ್ಲಿ ಬದಲಾಗದ ಮನಸ್ಸು ಬಾವಲಿಯ ವಿಷಯದಲ್ಲಿ ಬದಲಾಯಿತು. ಒಬ್ಬರೇ ಮನುಷ್ಯರಲ್ಲಿ ಎರಡೂ ಇರುತ್ತವೆ ಅಂತ ನನಗೆ ಇದರಿಂದ ತಿಳಿಯಿತು.

1799ರ ಫೆಬ್ರವರಿಯಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಸ್ಪಲಂಜಾನಿ ಪಾವಿಯದಲ್ಲಿ ತೀರಿಕೊಂಡರು. ಮೂತ್ರಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಅವರ ಮೂತ್ರಕೋಶವನ್ನು ಪಾವಿಯ ವಿಶ್ವವಿದ್ಯಾನಿಲಯದಲ್ಲಿ ಕೆಡದ ಹಾಗೆ ಕಾಪಾಡಿದ್ದಾರೆ. ಬದುಕಿದ್ದಾಗ ಎಲ್ಲವನ್ನೂ ಪರೀಕ್ಷಿಸಿದವರು ಸತ್ತ ಮೇಲೂ ಪಾಠವಾಗಿ ಉಳಿದರು.

ನೀವೂ ಸಾಕಿ ನೋಡಿ

ಮುಂದಿನ ಮಳೆಗಾಲಕ್ಕೆ ಯಾರಾದರೂ ಗೊದಮೊಟ್ಟೆ ಬೆಳೆಯುವುದನ್ನು ನೋಡಬೇಕು ಎಂದಿದ್ದರೆ ನನ್ನ ನೋಟ್‌ಬುಕ್ಕಿನ ಕೆಲವು ಮಾತು ಕೇಳಿ.

1. ಮೊಟ್ಟೆಯ ರಾಶಿಯನ್ನೆಲ್ಲ ಬಾಚಿ ತರಬೇಡಿ. ಹತ್ತಿಪ್ಪತ್ತು ಸಾಕು. ಒತ್ತಾಗಿ ಇದ್ದರೆ ಬೆಳೆಯುವುದಿಲ್ಲ. ಮುದ್ದೆಯ ಹಾಗಿದ್ದರೆ ಕಪ್ಪೆಯದು, ಮಣಿಸರದ ಹಾಗಿದ್ದರೆ ಬಹುಶಃ ನೆಲಗಪ್ಪೆಯದು.

2. ಮೊಟ್ಟೆ ಇದ್ದ ಹೊಂಡದ ನೀರನ್ನೇ ಹಾಕಿ. ನಲ್ಲಿ ನೀರಾದರೆ ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಔಷಧಿಯ ವಾಸನೆ ಹೋಗಲಿ. ತೊಟ್ಟಿಯನ್ನು ಬಿಸಿಲಿಗೆ ಇಡಬೇಡಿ.

3. ಪಾಚಿ, ಬೇಯಿಸಿದ ಸೊಪ್ಪು ಚೂರೇ ಚೂರು ಹಾಕಿ. ಉಳಿದದ್ದನ್ನು ತೆಗೆಯದಿದ್ದರೆ ನೀರು ನಾರುತ್ತದೆ, ಮರಿಗಳು ಸಾಯುತ್ತವೆ.

4. ಮೊದಲು ಹಿಂಗಾಲು, ಆಮೇಲೆ ಮುಂಗಾಲು ಬರುತ್ತದೆ. ಮುಂಗಾಲು ಬಂದ ಕೂಡಲೇ ಒಂದು ಕಲ್ಲನ್ನು ನೀರಿನ ಮೇಲೆ ತಲೆ ಎತ್ತುವ ಹಾಗೆ ಇಡಿ. ಆಗ ಅವು ಶ್ವಾಸಕೋಶದಿಂದ ಉಸಿರಾಡುತ್ತವೆ. ಕಲ್ಲಿಲ್ಲದಿದ್ದರೆ ನೀರಿನ ಮರಿಯೇ ನೀರಿನಲ್ಲಿ ಮುಳುಗಿ ಸಾಯುತ್ತದೆ.

5. ಬಾಲ ಉದುರುವುದಿಲ್ಲ, ಮೈಯೊಳಗೇ ಕರಗುತ್ತದೆ. ಆ ದಿನಗಳಲ್ಲಿ ಅವು ಏನೂ ತಿನ್ನುವುದಿಲ್ಲ. ಗಾಬರಿ ಬೇಡ.

6. ಮರಿಕಪ್ಪೆ ಆದ ಮೇಲೆ ತಂದ ಜಾಗಕ್ಕೇ ಬಿಟ್ಟುಬನ್ನಿ. ಗದ್ದೆಯ ಹುಳು ತಿನ್ನುವ ಕಪ್ಪೆ ರೈತನ ಕೂಲಿಯಿಲ್ಲದ ಆಳು. ಕಪ್ಪೆಯ ಕಾಲುಗಳನ್ನು ಹೊರದೇಶಗಳಿಗೆ ಮಾರುವುದನ್ನು ನಮ್ಮ ಸರ್ಕಾರ 1987ರಲ್ಲೇ ನಿಲ್ಲಿಸಿತು.

ಕೊನೆಯಲ್ಲಿ ಓದುಗರಿಗೆ ಒಂದು ಪ್ರಶ್ನೆ. ಚಡ್ಡಿ ತೊಟ್ಟ ಕಪ್ಪೆಗಳ ಮೊಟ್ಟೆ ಕೊಳೆತವು ಎಂದು ನೋಡಿದ ಮೇಲೂ ಸ್ಪಲಂಜಾನಿ ಆ ಚಡ್ಡಿಯೊಳಗಿನ ದ್ರವವನ್ನು ಬೇರೆ ಮೊಟ್ಟೆಗಳಿಗೆ ಯಾಕೆ ಸವರಿದರು? ಅದನ್ನು ಮಾಡದಿದ್ದರೆ ಎದುರಾಳಿಗಳು ಏನೆಂದು ವಾದಿಸಬಹುದಿತ್ತು? ಚೆನ್ನಾಗಿ ಯೋಚಿಸಿ, ಅರ್ಧ ಹಾಳೆಯಲ್ಲಿ ಉತ್ತರ ಬರೆದು ಗೋಡೆಪತ್ರಿಕೆಯ ಕೆಳಗಿರುವ ಪೆಟ್ಟಿಗೆಗೆ ಹಾಕಿ. ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ದುಂಡಗೆ ಬರೆದು ಅಂಟಿಸುತ್ತೇವೆ.